ಅಳಲನ್ನು ಆಲಿಸುವ ವಿದ್ಯೆ

ತುಂಗಭದ್ರೆಯ ದಡದ ಹರಿಹರದಲ್ಲಿ, ಕಾರ್ಖಾನೆಯ ದುಡಿಮೆ ತಪ್ಪಿಹೋದ ಮಧ್ಯವಯಸ್ಕನೊಬ್ಬನು ವೈದ್ಯರೆದುರು ಕುಳಿತು, ‘ಎದಿ ಡವಡವ ಅಂತೈತ್ರಿ, ರಾತ್ರಿ ನಿದ್ದಿ ಬರಲ್ರಿ’ ಎಂದು ದೇಹದ ಬಾಧೆಯನ್ನಷ್ಟೇ ತೋಡಿಕೊಂಡರೆ, ಆ ಮಾತಿನ ಹಿಂದಣ ಯೋಚನೆಯನ್ನು ಅರಿಯುವ ಬಗೆ ಹೇಗೆ? ಅರಿವು-ವರ್ತನಾ ಚಿಕಿತ್ಸೆಯ ಮೊದಲ ಪ್ರಶ್ನೆಯೇ ಇದು.

ಈ ಚಿಕಿತ್ಸೆಗೆ ತಳಹದಿ ಹಾಕಿದ, ಮನೋವಿಶ್ಲೇಷಣೆಯಲ್ಲಿ ಪಳಗಿದ ಫಿಲಡೆಲ್ಫಿಯದ ಮನೋವೈದ್ಯ ಆರನ್ ಬೆಕ್, ಖಿನ್ನತೆಯೆಂಬುದು ತನ್ನತ್ತಲೇ ತಿರುಗಿದ ಕ್ರೋಧವೆಂಬ ಅಂದಿನ ಸಿದ್ಧಾಂತವನ್ನು ರೋಗಿಗಳ ಸ್ವಪ್ನಗಳಲ್ಲಿ ಪರೀಕ್ಷಿಸಹೊರಟು, ಅಲ್ಲಿ ಸೋಲು, ನಷ್ಟಗಳ ಚಿತ್ರಗಳನ್ನೇ ಕಂಡು, ಸಿದ್ಧಾಂತವನ್ನು ಬದಿಗಿರಿಸಿ ರೋಗಿಯ ಮಾತಿಗೇ ಕಿವಿಗೊಟ್ಟರು. ಘಟನೆಗೂ ದುಃಖಕ್ಕೂ ನಡುವೆ ತಾನಾಗಿ ಸುಳಿದು ಮರೆಯಾಗುವ ಯೋಚನೆಯೊಂದು ಆಗ ಅವರಿಗೆ ಗೋಚರಿಸಿತು. 1961ರಲ್ಲಿ ಪ್ರಕಟವಾದ ಅವರ 21 ಅಂಶಗಳ ಪ್ರಶ್ನಾವಳಿ ಖಿನ್ನತೆಯ ತೀವ್ರತೆಗೆ ಅಳತೆಯನ್ನೊದಗಿಸಿತು.

ಇತ್ತ ಬೆಂಗಳೂರಿನಲ್ಲಿ, ಡಾ. ಎಂ.ವಿ. ಗೋವಿಂದಸ್ವಾಮಿಯವರ ನಾಯಕತ್ವದಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮರುವರ್ಷವೇ ಚಿಕಿತ್ಸಾ ಮನೋವಿಜ್ಞಾನದ ಶಿಕ್ಷಣಕ್ಕೆ ತೊಡಗಿ, 1974ರಲ್ಲಿ ನಿಮ್ಹಾನ್ಸ್ ಆಗಿ ಬೆಳೆಯಿತು. 1985ರಲ್ಲಿ ಅದು ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೊಂಡೊಯ್ದಿತು. ಅಲ್ಲಿನ ಅನುಭವವೇ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಬಲ್ಲ ಚಿಕಿತ್ಸಕನು ಹರಿಹರದ ಆ ಕಾರ್ಮಿಕನಿಗೆ ಕೂಡಲೇ ಧೈರ್ಯ ಹೇಳುವುದಿಲ್ಲ. ‘ನಿನ್ನೆ ಎದೆ ಹೊಡೆದುಕೊಂಡಾಗ ಎಲ್ಲಿದ್ದಿರಿ? ಆ ಕ್ಷಣ ಮನಸ್ಸಿಗೆ ಏನು ಬಂತು?’ ಎಂದು ಕೇಳುತ್ತಾನೆ. ‘ಮಗಳ ಫೀಸು ಕಟ್ಟಾಕಾಗ್ಲಿಲ್ಲ, ನಾ ಯಾತಕ್ಕೂ ಬಾರದೋನು ಅನ್ನಿಸ್ತು’ ಎಂಬ ಉತ್ತರ ಬಂದರೆ, ಘಟನೆ, ಯೋಚನೆ, ಭಾವನೆಗಳನ್ನು ಬೇರೆಬೇರೆಯಾಗಿ ಬರೆದು, ಆತನ ಮಾತನ್ನು ಆತನಿಗೇ ಸಂಗ್ರಹಿಸಿ ಹೇಳಿ, ‘ನಾನು ಸರಿಯಾಗಿ ತಿಳಿದೆನೆ?’ ಎಂದು ಒಪ್ಪಿಗೆ ಪಡೆಯುತ್ತಾನೆ. ಸಾಯುವ ಯೋಚನೆ ಬಂದಿದೆಯೇ ಎಂಬುದನ್ನೂ ಮುಚ್ಚುಮರೆಯಿಲ್ಲದೆ ವಿಚಾರಿಸುತ್ತಾನೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದೆಂಬ ಭಯ ನಿರಾಧಾರವಾದುದು. ಪ್ರಶ್ನಾವಳಿಯ ಅಂಕಗಳು ತೀವ್ರತೆಯನ್ನು ತಿಳಿಸಿಯಾವು. ‘ಬಾರದೋನು’ ಎಂಬ ತೀರ್ಪು ಎಲ್ಲಿ ಹುಟ್ಟಿತೆಂಬುದನ್ನು ಆತನ ಮಾತಷ್ಟೇ ತಿಳಿಸಬಲ್ಲದು.

2022ರಿಂದ 14416 ಎಂಬ ಟೆಲಿ-ಮಾನಸ್ ಸಹಾಯವಾಣಿಗೆ ಕರೆಮಾಡಿ ಕನ್ನಡದಲ್ಲೇ ನೋವನ್ನು ಹೇಳಿಕೊಳ್ಳಬಹುದಾಗಿದೆ. ಆದರೂ ಜನಸಂದಣಿಯ ಆಸ್ಪತ್ರೆಯಲ್ಲಿ ಒಬ್ಬನ ಮಾತನ್ನು ಕಡೆಯವರೆಗೆ ಕೇಳುವಷ್ಟು ಕಾಲವನ್ನು ವೈದ್ಯನಿಗೆ ಒದಗಿಸದಿದ್ದರೆ ಈ ವಿದ್ಯೆ ಫಲಿಸದು. ಔಷಧಿಗೆ ಹಣವಿಡುವಂತೆಯೇ ಆಲಿಸುವ ಕಾಲಕ್ಕೂ ಹಣವಿಡುವುದು ಸರ್ಕಾರದ ಕರ್ತವ್ಯವಾಗಿದೆ.