ನೋವಿಲ್ಲದ ಕೆಂಪು

ಬೆಳಗಿನ ಎಂಟೂವರೆಗೆಲ್ಲ ಮೂತ್ರರೋಗ ವಿಭಾಗದ ಹೊರಗಿನ ಬೆಂಚುಗಳು ತುಂಬಿಹೋಗಿರುತ್ತವೆ. ಬೆಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆ. ಹಿರಿಯೂರು, ಶಿರಾ, ಪಾವಗಡದ ಕಡೆಯಿಂದ ಕತ್ತಲಲ್ಲೇ ಬಸ್ಸು ಹಿಡಿದು ಬಂದವರ ಕಣ್ಣಿನಿಂದ ನಿದ್ದೆ ಇನ್ನೂ ಇಳಿದಿಲ್ಲ. ಆಗತಾನೆ ಒರೆಸಿದ ನೆಲದ ಫಿನಾಯಿಲ್ ವಾಸನೆಗೆ ಕ್ಯಾಂಟೀನಿನ ಸಾಂಬಾರಿನ ಘಮ ಬೆರೆತಿದೆ. ಎಲ್ಲರ ತೊಡೆಯ ಮೇಲೂ ಬಟ್ಟೆ ಅಂಗಡಿಯದೊಂದು ಪ್ಲಾಸ್ಟಿಕ್ ಕವರು. ಒಳಗೆ ಸ್ಕ್ಯಾನಿಂಗ್ ಫಿಲ್ಮು, ಲ್ಯಾಬಿನ ಚೀಟಿ, ರೇಷನ್ ಕಾರ್ಡಿನ ಜೆರಾಕ್ಸು. ಅಟೆಂಡರ್ ಬಾಗಿಲನ್ನು ಅರ್ಧ ತೆರೆದು ನಂಬರ್ ಕೂಗಿದಾಗಲೆಲ್ಲ ಆ ಕವರುಗಳೆಲ್ಲ ಒಟ್ಟಿಗೆ ಸರಪರಗುಟ್ಟುತ್ತವೆ.

ಇಲ್ಲಿ ಕಾಯಿಲೆಯ ಮಾತು ಜೋರಾಗಿ ನಡೆಯುವುದಿಲ್ಲ. ಪಕ್ಕದವರು ಕೇಳಿದರೆ, 'ಒಂದಕ್ಕೆ ಹೋಗೋದ್ರಲ್ಲಿ ಸ್ವಲ್ಪ ತೊಂದರೆ' ಎಂದು ಮುಖ ಆಚೆ ತಿರುಗಿಸುತ್ತಾರೆ. ಬಾಗಿಲ ಒಳಗೆ ಸ್ಟೂಲಿನ ಮೇಲೆ ಕೂತ ಮೇಲೇ ಮಾತು ಬಿಚ್ಚಿಕೊಳ್ಳುವುದು.

"ಕೆಂಪಗೆ ಹೋಯ್ತು ಸಾರ್. ನೋವು ಗೀವು ಏನೂ ಇರ್ಲಿಲ್ಲ. ಮಾರನೇ ದಿನ ತಾನೇ ಸರಿಹೋಯ್ತು," ಎನ್ನುತ್ತಾರೆ ಅರವತ್ತು ದಾಟಿದ, ಹೆಗಲ ಮೇಲೆ ಟವೆಲು ಹೊದ್ದ ಹಿರಿಯರು.

"ಯಾವಾಗ ಯಜಮಾನ್ರೇ?"

"ಯುಗಾದಿ ಆಸುಪಾಸು."

ಈಗ ದಸರಾ ಕಳೆದಿದೆ. ಹಿಂದೆ ನಿಂತ ಮಗಳು ಮುಂದೆ ಬಂದು ಹೇಳುತ್ತಾಳೆ: "ಉಷ್ಣ ಆಗಿದೆ ಅಂದ್ಕೊಂಡ್ವಿ ಸಾರ್. ಎಳನೀರು, ಬಾರ್ಲಿ ಗಂಜಿ, ಬಾಳೆದಿಂಡಿನ ರಸ ಎಲ್ಲಾ ಕೊಟ್ವಿ. ನಿಂತೇ ಹೋಯ್ತಲ್ಲ, ಸುಮ್ಮನಾದ್ವಿ."

ನಿಂತದ್ದು ಎಳನೀರಿನಿಂದಲ್ಲ. ಮೂತ್ರಕೋಶದ ಗೆಡ್ಡೆಯ ಸ್ವಭಾವವೇ ಹಾಗೆ. ಒಂದೆರಡು ಸಲ ರಕ್ತ ಬಿಡುತ್ತದೆ, ಆಮೇಲೆ ವಾರಗಟ್ಟಲೆ ಸದ್ದಿಲ್ಲ. ಕಿಡ್ನಿಯ ಕಲ್ಲಾದರೆ ಮನುಷ್ಯನನ್ನು ನೆಲದ ಮೇಲೆ ಹೊರಳಾಡಿಸಿ ಅದೇ ರಾತ್ರಿ ಆಸ್ಪತ್ರೆಗೆ ಎಳೆದು ತರುತ್ತದೆ. ಇದಕ್ಕೆ ನೋವೇ ಇಲ್ಲ, ಆದ್ದರಿಂದಲೇ ಆರಾರು ತಿಂಗಳು ಹೀಗೆ ಜಾರಿಹೋಗುತ್ತವೆ. ಹೆಂಗಸರ ಪಾಡಂತೂ ಇನ್ನೂ ಕಷ್ಟ. ಈ ಕ್ಯಾನ್ಸರ್ ಗಂಡಸರಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚು, ನಿಜ. ಆದರೆ ಹೆಂಗಸರು ರಕ್ತ ಕಂಡರೆ ಮುಟ್ಟಿನ ಏರುಪೇರು ಎಂದೋ, ಉರಿಮೂತ್ರ ಎಂದೋ ಮಾತ್ರೆಯ ಮೇಲೆ ಮಾತ್ರೆ ನುಂಗಿ, ಬೆಳೆದ ಗೆಡ್ಡೆಯೊಂದಿಗೆ ಇಲ್ಲಿಗೆ ಬರುವುದು ಹೆಚ್ಚು. ಅಂಥವರ ಫೈಲು ಕೈಗೆ ಬಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

"ಬೀಡಿ ಸೇದ್ತೀರಾ?" ವೈದ್ಯರ ಮುಂದಿನ ಪ್ರಶ್ನೆ ಇದು. ಹಿರಿಯರು ಟವೆಲಿನ ತುದಿ ಹಿಡಿದುಕೊಳ್ಳುತ್ತಾರೆ. ಹೊಗೆ ಹೋಗುವುದು ಎದೆಗೂಡಿಗಾದರೂ ಅದರ ವಿಷ ರಕ್ತಕ್ಕಿಳಿದು, ಕಿಡ್ನಿಯಲ್ಲಿ ಸೋಸಿ, ಕೊನೆಗೆ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಇಲ್ಲಿನ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ತಂಬಾಕೇ ಮೂಲ. ಕೆಲಸ ಏನು ಎಂದೂ ಕೇಳುತ್ತಾರೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಲುಡ್ವಿಗ್ ರೆನ್ ಎಂಬ ಶಸ್ತ್ರವೈದ್ಯ 1895ರಲ್ಲಿ ಬಣ್ಣದ ಕಾರ್ಖಾನೆಯ ಕೂಲಿಗಳ ಮೂತ್ರಕೋಶದಲ್ಲಿ ಗೆಡ್ಡೆ ಕಂಡು ಬರೆದಾಗಿನಿಂದ ಬಣ್ಣ, ರಬ್ಬರ್, ಚರ್ಮದ ಕೆಲಸದವರ ವಿಷಯದಲ್ಲಿ ವೈದ್ಯರಿಗೆ ಒಂದು ಕಣ್ಣು ಹೆಚ್ಚೇ ಇರುತ್ತದೆ.

ಸ್ಕ್ಯಾನಿಂಗ್ ಕೋಣೆಯ ಮುಂದಿನ ಓಣಿಯಲ್ಲಿ ಬೇರೆಯದೇ ಲೋಕ. ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಗುಟುಕರಿಸುವುದು, ಆ ತುದಿಯಿಂದ ಈ ತುದಿಗೆ ನಡೆಯುವುದು, 'ಇನ್ನೂ ತುಂಬಿಲ್ವಾ?' ಎಂದು ವಿಚಾರಿಸಿಕೊಳ್ಳುವುದು. ಕಿಡ್ನಿಯ ಗೆಡ್ಡೆಗಳು ಎಷ್ಟೋ ಸಲ ಸಿಕ್ಕಿಬೀಳುವುದು ಇಲ್ಲೇ, ಅದೂ ಹೊಟ್ಟೆಯುಬ್ಬರಕ್ಕೋ ಪಿತ್ತಕೋಶದ ಕಲ್ಲಿಗೋ ಸ್ಕ್ಯಾನ್ ಮಾಡಿಸಲು ಬಂದವರಲ್ಲಿ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಬಹಳಷ್ಟು ಸಲ ಗೆಡ್ಡೆಯ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಉಳಿದ ಕಿಡ್ನಿಯನ್ನು ಉಳಿಸಿಕೊಳ್ಳಬಹುದು.

ಹಿರಿಯರ ಸ್ಕ್ಯಾನಿನಲ್ಲಿ ಮೂತ್ರಕೋಶದ ಎಡಗೋಡೆಗೆ ಏನೋ ಅಂಟಿಕೊಂಡಿದೆ. ಇನ್ನು ಕ್ಯಾಮೆರಾ ಹಾಕಿ ನೋಡಬೇಕು.

ಆ ಕೋಣೆಯೊಳಗೆ ತಣ್ಣಗಿದೆ. ಬೆಟಾಡಿನ್ನಿನ ಕಟು ವಾಸನೆ. ಮರಗಟ್ಟಿಸುವ ಜೆಲ್ಲಿ ಹಾಕಿ ಕೆಲವು ನಿಮಿಷ ಕಾದು, ತೆಳುವಾದ ನಳಿಗೆಯನ್ನು ಮೂತ್ರದ್ವಾರದ ಮೂಲಕ ಮೆಲ್ಲಗೆ ಒಳಗಿಳಿಸುತ್ತಾರೆ. "ಉಸಿರು ಬಿಡಿ ಯಜಮಾನ್ರೇ, ಬಿಗಿ ಹಿಡೀಬೇಡಿ." ಪರದೆಯ ಮೇಲೆ ನಸುಗೆಂಪು ಗೋಡೆ, ಅದರ ತುಂಬ ಕವಲೊಡೆದ ಸಣ್ಣ ರಕ್ತನಾಳಗಳು, ಮೇಲೆ ಛಾವಣಿಗೆ ತಾಗಿ ನಡುಗುವ ಒಂದು ಗಾಳಿಗುಳ್ಳೆ. ಎರಡು ಬದಿಯಲ್ಲಿ ಸಣ್ಣ ಸೀಳುಗಳು. ಆಗಾಗ ಬಾಯ್ದೆರೆದು ಕಿಡ್ನಿಯಿಂದ ಬಂದ ಮೂತ್ರವನ್ನು ಚಿಮ್ಮಿಸಿ ಮತ್ತೆ ಮುಚ್ಚಿಕೊಳ್ಳುತ್ತವೆ. ನಳಿಗೆ ಎಡಕ್ಕೆ ಹೊರಳುತ್ತಲೇ ಅದು ಕಾಣುತ್ತದೆ. ಕೆರೆಯ ನೀರೊಳಗಿನ ಪಾಚಿಯ ಹಾಗೆ ಎಳೆ ಎಳೆಯಾಗಿ ತೂಗಾಡುವ ಗುಲಾಬಿ ಗೊಂಚಲು. ಇಷ್ಟು ಕೆಡುಕಿನದು ಇಷ್ಟು ಚೆಂದವಾಗಿ ಕಾಣುವುದನ್ನು ನೋಡಿ ಮನಸ್ಸು ಒಪ್ಪುವುದಿಲ್ಲ. 1879ರಲ್ಲಿ ವಿಯೆನ್ನಾದಲ್ಲಿ ಮ್ಯಾಕ್ಸಿಮಿಲಿಯನ್ ನಿಟ್ಸೆ ಇಂಥ ಮೊದಲ ನಳಿಗೆಯನ್ನು ತೋರಿಸಿದಾಗ ಅದರ ತುದಿಯಲ್ಲಿದ್ದದ್ದು ಕೆಂಡದಂತೆ ಕಾಯುವ ಪ್ಲಾಟಿನಂ ತಂತಿ. ಒಳಗಿನ ಚರ್ಮ ಸುಡದಿರಲೆಂದು ಸುತ್ತ ತಣ್ಣೀರು ಹರಿಸಬೇಕಿತ್ತು.

ಕೆಲವು ದಿನಗಳಲ್ಲಿ ಆಪರೇಷನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ಅದೇ ದಾರಿಯಲ್ಲಿ ಒಳಹೋದ ತಂತಿಯ ಸಣ್ಣ ಕುಣಿಕೆ ಕರೆಂಟಿನ ಬಲದಿಂದ ಗೆಡ್ಡೆಯನ್ನು ಚೂರು ಚೂರಾಗಿ ಹೆರೆಯುತ್ತದೆ. ಮೇಲೆ ತೂಗುಹಾಕಿದ ಚೀಲಗಳಿಂದ ನೀರು ಇಳಿಯುತ್ತಲೇ ಇರುತ್ತದೆ, ಕೆಳಗೆ ಬಕೆಟ್ಟಿಗೆ ಕೆಂಪಾಗಿ ಬೀಳುತ್ತದೆ, ನಿಧಾನಕ್ಕೆ ತಿಳಿಯಾಗುತ್ತದೆ. ಚೂರುಗಳು ಒಂದು ಸೀಸೆಗೆ, ಬುಡದ ಮಾಂಸಖಂಡ ಇನ್ನೊಂದು ಸೀಸೆಗೆ. ಆ ಎರಡನೆಯ ಸೀಸೆಯದೇ ದೊಡ್ಡ ಮಾತು. ಗೆಡ್ಡೆಯ ಬೇರು ಮಾಂಸಖಂಡಕ್ಕೆ ಇಳಿದಿದೆಯೇ ಇಲ್ಲವೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹೊಸದಾಗಿ ಪತ್ತೆಯಾದವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಇಳಿದಿರುವುದಿಲ್ಲ. ಇಳಿದಿದ್ದರೆ ಹೆಚ್ಚಿನವರಿಗೆ ಕೀಮೋ ಕೊಟ್ಟು ಮೂತ್ರಕೋಶವನ್ನೇ ತೆಗೆದು, ಕರುಳಿನ ತುಂಡೊಂದರಲ್ಲಿ ಹೊಟ್ಟೆಯ ಮೇಲೆ ಹೊಸ ದಾರಿ ಮಾಡಿ, ಚೀಲ ಅಂಟಿಸಬೇಕಾಗುತ್ತದೆ.

ಇಳಿಯದಿದ್ದರೂ ನಿಶ್ಚಿಂತೆಯಿಲ್ಲ, ಇದು ಮರಳಿ ಬರುವ ಗೆಡ್ಡೆ. ಮೂರು ತಿಂಗಳಿಗೆ ಮತ್ತೆ ಕ್ಯಾಮೆರಾ, ಆಮೇಲೂ ವರ್ಷಗಟ್ಟಲೆ. ಮರಳುವ ಅಪಾಯ ಹೆಚ್ಚಿರುವವರು ಈ ಮಹಡಿಯ ಕೊನೆಯ ಕೋಣೆಗೆ ಬರುತ್ತಾರೆ, ಬಿಸಿಜಿ ಹಾಕಿಸಿಕೊಳ್ಳಲು. ಹೌದು, ಹುಟ್ಟಿದ ಕೂಸಿನ ಎಡತೋಳಿಗೆ ಚುಚ್ಚುವ ಕ್ಷಯದ ಲಸಿಕೆಯೇ. ಕೆನಡಾದ ಕಿಂಗ್‌ಸ್ಟನ್ನಿನಲ್ಲಿ ಅಲ್ವಾರೊ ಮೊರಾಲೆಸ್ ಒಂಬತ್ತು ರೋಗಿಗಳಿಗೆ ಅದನ್ನು ಮೂತ್ರಕೋಶದೊಳಕ್ಕೇ ಹಾಕಿ 1976ರಲ್ಲಿ ಬರೆದರು. ಜೀವವಿರುವ ಆ ದುರ್ಬಲ ಕ್ರಿಮಿ ಒಳಗೋಡೆಯ ರೋಗನಿರೋಧಕ ಪಡೆಯನ್ನು ಎಬ್ಬಿಸುತ್ತದೆ. ಎದ್ದ ಪಡೆ ಕ್ಯಾನ್ಸರಿನ ಮೇಲೂ ಬೀಳುತ್ತದೆ. ವಾರಕ್ಕೊಂದರಂತೆ ಆರು ವಾರ.

ಕೋಣೆಯಲ್ಲಿ ನಾಲ್ಕು ಮಂಚ. ನಳಿಗೆಯಲ್ಲಿ ಔಷಧಿ ಇಳಿಸಿದ ಮೇಲೆ ಎರಡು ಗಂಟೆ ತಡೆದುಕೊಳ್ಳಬೇಕು. ಕಾಲು ಗಂಟೆಗೊಮ್ಮೆ ಸಿಸ್ಟರ್ ದನಿ ಬರುತ್ತದೆ, "ಎಡಕ್ಕೆ ತಿರುಗಿ", "ಈಗ ಬೋರಲು", ಮಂಚಗಳು ಕಿರಗುಟ್ಟುತ್ತವೆ. ನಾಲ್ಕನೇ ವಾರದವರು ಹೊಸಬರಿಗೆ ಗುಟ್ಟು ಹೇಳಿಕೊಡುತ್ತಿದ್ದಾರೆ.

"ಬಸ್ ಸ್ಟ್ಯಾಂಡಲ್ಲಿ ಕಾಫಿ ಕುಡೀಬೇಡಿ ಅಣ್ಣ, ಎರಡು ಗಂಟೆ ತಡ್ಕೊಳೋಕಾಗಲ್ಲ. ಇವತ್ತೆಲ್ಲ ಕೂತ್ಕೊಂಡೇ ಒಂದಕ್ಕೆ ಹೋಗ್ಬೇಕು, ಆಮೇಲೆ ಬ್ಲೀಚಿಂಗ್ ನೀರು ಹಾಕಿ ಕಾಲು ಗಂಟೆ ಬಿಡ್ಬೇಕು. ರಾತ್ರಿ ಮೈ ಬೆಚ್ಚಗಾಗುತ್ತೆ. ಒಂದು ದಿನ ಮೀರಿ ಜ್ವರ ಬಂದ್ರೆ ಮಾತ್ರ ಇಲ್ಲಿಗೆ ಫೋನ್ ಮಾಡಿ."

"ಮುಂದಿನ ಗುರುವಾರ ಕಡಲೆಕಾಯಿ ಕೀಳೋದಿತ್ತಲ್ಲ ಸಿಸ್ಟರ್," ಹೊಸಬರು ಮಂಚದಿಂದಲೇ ಕೇಳುತ್ತಾರೆ. "ಒಂದು ವಾರ ಬಿಟ್ಟು ಬರ್ಲಾ?"

"ಬೇಡಪ್ಪ, ನಡುವೆ ಬಿಡಬಾರದು."

ಅವರ ಹೆಂಡತಿ ಆಗಲೇ ಬಾಗಿಲಾಚೆ ನಿಂತು ಮೊಬೈಲಿನಲ್ಲಿ ತಮ್ಮನಿಗೆ ಹೇಳುತ್ತಿದ್ದಾರೆ: "ಗುರುವಾರ ನೀನೇ ಆಳು ಕರ್ಕೊಂಡು ಹೊಲಕ್ಕೆ ಹೋಗಪ್ಪ. ನಾವು ಇಲ್ಲಿಗೆ ಬರ್ಬೇಕು."