ಸ್ಮೃತಿಯ ಕೊರತೆ, ಸಂಗ್ರಹದ ಸವೆತ: ಲ್ಯಾಪ್‌ಟಾಪ್‌ಗಳ ಘನಸ್ಥಿತಿ ಡ್ರೈವ್ ಕುರಿತು ಒಂದು ವಿವೇಚನೆ

ಗಣಕಯಂತ್ರದಲ್ಲಿ ಮಾಹಿತಿಯನ್ನು ಇರಿಸಿಕೊಳ್ಳುವ ತಾಣಗಳು ಮುಖ್ಯವಾಗಿ ಎರಡು. ಒಂದು, ಸಂಸ್ಕಾರಕವು ಕ್ಷಣಕ್ಷಣಕ್ಕೂ ಬಳಸುವ ಪ್ರಾಥಮಿಕ ಸ್ಮೃತಿ, ಎಂದರೆ ರ‍್ಯಾಮ್. ಇನ್ನೊಂದು, ವಿದ್ಯುತ್ತು ನಿಂತ ಮೇಲೂ ಮಾಹಿತಿಯನ್ನು ಉಳಿಸಿಕೊಳ್ಳುವ ಸಂಗ್ರಹ. ಮೊದಲನೆಯದು ವೇಗವುಳ್ಳದ್ದು, ದುಬಾರಿಯಾದದ್ದು, ಆ ಕಾರಣದಿಂದ ಅಳತೆಯಲ್ಲಿ ಕಿರಿದು. ಎರಡನೆಯದು ನಿಧಾನದ್ದು, ಅಗ್ಗವಾದದ್ದು, ವಿಸ್ತಾರವಾದದ್ದು. ಈ ಅಂತರವನ್ನು ಮರೆಮಾಡಿ, ಕ್ರಮವಿಧಿಗೆ ತನ್ನ ಮುಂದೆ ಒಂದೇ ವಿಶಾಲವಾದ ಸ್ಮೃತಿಯಿದೆಯೆಂದು ತೋರಿಸುವ ಏರ್ಪಾಡಿಗೆ ವರ್ಚುಯಲ್ ಮೆಮೊರಿ ಎಂದು ಹೆಸರು. ಇದನ್ನು ಕಲ್ಪಿತ ಸ್ಮೃತಿ ಎಂದು ಕನ್ನಡಿಸಬಹುದು. ರ‍್ಯಾಮ್ ತುಂಬಿದಾಗ ಅದರಲ್ಲಿನ ಕೆಲವು ಭಾಗಗಳನ್ನು ಸಂಗ್ರಹಕ್ಕೆ ಸಾಗಿಸಿ, ಬೇಕಾದಾಗ ಹಿಂದಕ್ಕೆ ತರುವ ಕ್ರಿಯೆಯೇ ಸ್ವಾಪಿಂಗ್. ಈ ಹಳೆಯ ಉಪಾಯವು ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಹೊಸ ತೊಡಕೊಂದನ್ನು ಏಕೆ ತಂದಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಕಲ್ಪಿತ ಸ್ಮೃತಿಯ ಮೂಲವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಅವರ ನೇತೃತ್ವದಲ್ಲಿ ರೂಪುಗೊಂಡು 1962ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಅಟ್ಲಾಸ್ ಗಣಕದಲ್ಲಿ ಕಾಣಬಹುದು. ಅದರ ಕಾಂತೀಯ ಕೋರ್ ಸ್ಮೃತಿಯ ಅಳತೆ 16 ಸಾವಿರ ಪದಗಳು. ತಿರುಗುವ ಕಾಂತೀಯ ಡ್ರಮ್ಮಿನ ಅಳತೆ 96 ಸಾವಿರ ಪದಗಳು. ಎರಡನ್ನೂ ಸೇರಿಸಿ ಒಂದೇ ಮಟ್ಟದ ಸಂಗ್ರಹವೆಂಬಂತೆ ಬಳಸಲಾಯಿತು. ಕ್ರಮವಿಧಿಗಳ ಬೇಡಿಕೆ ಮಿತಿಮೀರಿದಾಗ ಯಂತ್ರವು ನಿಜವಾದ ಕೆಲಸವನ್ನು ಬಿಟ್ಟು ಪುಟಗಳನ್ನು ಸಾಗಿಸುವುದರಲ್ಲೇ ಮುಳುಗಿಬಿಡುವ ಸ್ಥಿತಿಯನ್ನು ಪೀಟರ್ ಡೆನ್ನಿಂಗ್ 1968ರಲ್ಲಿ ವಿಶ್ಲೇಷಿಸಿದರು. ಆ ಕಾಲದ ಚಿಂತೆಯೆಲ್ಲ ವೇಗದ್ದು. ಡ್ರಮ್ಮಿನ ಮೇಲಾಗಲಿ, ನಂತರ ಬಂದ ಹಾರ್ಡ್ ಡಿಸ್ಕಿನ ಮೇಲಾಗಲಿ ಎಷ್ಟು ಬಾರಿ ಬರೆದರೂ ಆ ಕಾಂತೀಯ ಲೇಪ ಸವೆಯುತ್ತಿರಲಿಲ್ಲ. ಬರೆಯುವುದಕ್ಕೆ ಸಮಯ ಬೇಕೇ ಹೊರತು ಬೇರೆ ಬೆಲೆಯಿಲ್ಲವೆಂಬ ಈ ಊಹೆ ಅರ್ಧ ಶತಮಾನದ ಕಾಲ ಕಾರ್ಯಾಚರಣ ವ್ಯವಸ್ಥೆಗಳ ತಳಪಾಯದಲ್ಲಿ ಹಾಗೆಯೇ ಉಳಿಯಿತು.

ಫ್ಲ್ಯಾಶ್ ಕೋಶದ ಒಳಗೆ

ಎಸ್‌ಎಸ್‌ಡಿ ಎಂದು ಬಳಕೆಯಲ್ಲಿರುವ ಘನಸ್ಥಿತಿ ಡ್ರೈವ್‌ನಲ್ಲಿ ತಿರುಗುವ ಭಾಗಗಳಿಲ್ಲ. ಅದರ ಜೀವಾಳವಾದ ಫ್ಲ್ಯಾಶ್ ಸ್ಮೃತಿಯ ಹಿಂದಿರುವುದು, ಬೆಲ್ ಪ್ರಯೋಗಾಲಯದಲ್ಲಿ ಡಾವೊನ್ ಕಾಂಗ್ ಮತ್ತು ಸೈಮನ್ ಸ್ಜೆ 1967ರಲ್ಲಿ ಪ್ರಕಟಿಸಿದ ತೇಲುವ ಗೇಟಿನ ಕಲ್ಪನೆ. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕ ಅವರು 1984ರಲ್ಲಿ ಫ್ಲ್ಯಾಶ್ ಸ್ಮೃತಿಯನ್ನು, 1987ರಲ್ಲಿ ಅದರ ನ್ಯಾಂಡ್ ಬಗೆಯನ್ನು ವಿದ್ವತ್ ಸಮ್ಮೇಳನಗಳಲ್ಲಿ ಮಂಡಿಸಿದರು. ಇಂದಿನ ಎಸ್‌ಎಸ್‌ಡಿಗಳಲ್ಲಿರುವುದು ಈ ಎರಡನೆಯ ಬಗೆ.

ಇದರ ಪ್ರತಿಯೊಂದು ಕೋಶವೂ ಒಂದು ಟ್ರಾನ್ಸಿಸ್ಟರ್. ಸುತ್ತಲೂ ವಿದ್ಯುನ್ನಿರೋಧಕದಿಂದ ಆವೃತವಾದ ಪುಟ್ಟ ತಾಣವೊಂದರಲ್ಲಿ ಇಲೆಕ್ಟ್ರಾನುಗಳನ್ನು ಸೆರೆಹಿಡಿಯುವುದೇ ಬರೆಯುವಿಕೆ. ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡು ಪದರವನ್ನು ಇಲೆಕ್ಟ್ರಾನುಗಳು ದಾಟುವಂತೆ ಮಾಡಲು ಸುಮಾರು 20 ವೋಲ್ಟುಗಳ ಒತ್ತಡವನ್ನು ಹೇರಬೇಕಾಗುತ್ತದೆ. ಅಳಿಸುವಾಗಲೂ ಅಷ್ಟೇ ಬಲವಂತ, ವಿರುದ್ಧ ದಿಕ್ಕಿನಲ್ಲಿ. ಹೀಗೆ ಸಾಗುವ ಇಲೆಕ್ಟ್ರಾನುಗಳಲ್ಲಿ ಕೆಲವು ಪದರದ ನಡುವೆಯೇ ಸಿಲುಕಿಕೊಳ್ಳುತ್ತವೆ. ಪದರದಲ್ಲಿ ಸೂಕ್ಷ್ಮ ದೋಷಗಳು ಹುಟ್ಟುತ್ತವೆ. ಕಾಲಕ್ರಮದಲ್ಲಿ ಕೋಶವು ಆವೇಶವನ್ನು ನಿಖರವಾಗಿ ಹಿಡಿದಿಡಲಾರದೆ ಸೋರತೊಡಗುತ್ತದೆ. ಸವೆತವೆಂದರೆ ಇದೇ. ಓದುವಿಕೆಯಿಂದ ಈ ಹಾನಿ ಇಲ್ಲವೆನ್ನುವಷ್ಟು ಕಡಿಮೆ.

ಒಂದು ಕೋಶದಲ್ಲಿ ಒಂದೇ ಬಿಟ್ ಇರಿಸಿದರೆ ಆವೇಶದ ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕು. ಮೂರು ಬಿಟ್‌ಗಳಿಗೆ ಎಂಟು ಮಟ್ಟಗಳು, ನಾಲ್ಕಕ್ಕೆ ಹದಿನಾರು. ಮಟ್ಟಗಳು ಹೆಚ್ಚಿದಂತೆ ನಡುವಣ ಅಂತರ ಕಿರಿದಾಗುವುದರಿಂದ ಸ್ವಲ್ಪ ಸೋರಿಕೆಯೂ ತಪ್ಪು ಓದಿಗೆ ದಾರಿಮಾಡುತ್ತದೆ. ಆದ್ದರಿಂದಲೇ ಒಂದು ಬಿಟ್‌ನ ಕೋಶ ಸುಮಾರು 1,00,000 ಬಾರಿ ಬರೆದು ಅಳಿಸುವುದನ್ನು ತಾಳಿಕೊಂಡರೆ, ಮೂರು ಬಿಟ್‌ನದು ಸಾಮಾನ್ಯವಾಗಿ 1,000ದಿಂದ 3,000 ಬಾರಿ, ನಾಲ್ಕು ಬಿಟ್‌ನದು ಅದಕ್ಕಿಂತಲೂ ಕಡಿಮೆ. ಲ್ಯಾಪ್‌ಟಾಪ್‌ಗಳು ಅಗ್ಗವಾದುದರ ಹಿಂದೆ ಈ ಇಳಿಕೆಯ ಪಾಲೂ ಇದೆ.

ಶಾಲೆಯ ಸ್ಲೇಟಿನಲ್ಲಿ ಒಂದು ಅಕ್ಷರವನ್ನು ಮಾತ್ರ ಬೆರಳಿನಿಂದ ಒರೆಸಿ ತಿದ್ದಬಹುದು. ಫ್ಲ್ಯಾಶ್‌ನಲ್ಲಿ ಇದು ಸಾಧ್ಯವಿಲ್ಲ. ಬರೆಯುವ ಘಟಕ ಕೆಲವು ಕಿಲೋಬೈಟ್‌ಗಳ ಪುಟ. ಅಳಿಸುವ ಘಟಕವಾದರೋ ನೂರಾರು ಪುಟಗಳ ಬ್ಲಾಕ್. (ಕಾರ್ಯಾಚರಣ ವ್ಯವಸ್ಥೆಯೂ ರ‍್ಯಾಮ್‌ನ ತುಂಡುಗಳನ್ನು ಪುಟವೆಂದೇ ಕರೆಯುತ್ತದೆ, ಎರಡೂ ಒಂದೇ ಅಲ್ಲ. ಈ ಹೆಸರಿನ ಗೊಂದಲ ನಮ್ಮ ಪಠ್ಯಪುಸ್ತಕಗಳಲ್ಲೂ ನುಸುಳಿದೆ.) ಪುಟವೊಂದು ಬದಲಾದರೆ ಡ್ರೈವ್‌ನ ನಿಯಂತ್ರಕವು ಹೊಸ ಪ್ರತಿಯನ್ನು ಬೇರೊಂದೆಡೆ ಬರೆದು ಹಳೆಯದನ್ನು ನಿರುಪಯುಕ್ತವೆಂದು ಗುರುತಿಸುತ್ತದೆ. ಖಾಲಿ ಜಾಗ ಕಡಿಮೆಯಾದಾಗ, ಯಾವುದಾದರೂ ಬ್ಲಾಕಿನಲ್ಲಿ ಉಳಿದಿರುವ ಉಪಯುಕ್ತ ಪುಟಗಳನ್ನು ಬೇರೆಡೆಗೆ ನಕಲಿಸಿ, ಇಡೀ ಬ್ಲಾಕನ್ನು ಅಳಿಸುತ್ತದೆ. ಹೀಗಾಗಿ ನಾವು ಬರೆಯಿಸಿದ್ದು ಒಂದು ಪಾಲಾದರೆ ಕೋಶಗಳ ಮೇಲೆ ಬೀಳುವ ಬರವಣಿಗೆ ಎರಡು ಪಾಲೋ ಮೂರು ಪಾಲೋ ಆಗಬಹುದು. ಚಿಕ್ಕಚಿಕ್ಕದಾಗಿ, ಚದುರಿದಂತೆ ಬರುವ ಬರವಣಿಗೆಯಲ್ಲಿ ಈ ವೃದ್ಧಿ ಹೆಚ್ಚು. ಡ್ರೈವ್ ತುಂಬಿ ತುಳುಕುತ್ತಿದ್ದರೆ ಇನ್ನೂ ಹೆಚ್ಚು. ಸ್ವಾಪ್‌ನ ಬರವಣಿಗೆ ಅನೇಕ ವೇಳೆ ಇಂಥದೇ. ಸವೆತವನ್ನು ಎಲ್ಲ ಬ್ಲಾಕುಗಳಿಗೂ ಸಮನಾಗಿ ಹಂಚುವ ಕೆಲಸವನ್ನೂ ನಿಯಂತ್ರಕವೇ ಮಾಡುವುದರಿಂದ, ಸ್ವಾಪ್ ಕಡತವಿರುವ ಜಾಗ ಮಾತ್ರ ಸವೆದು ತೂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಸವೆಯುವುದು ಇಡೀ ಡ್ರೈವ್.

ಯಾವ ಪುಟ ಬರೆಯಲ್ಪಡುತ್ತದೆ?

ರ‍್ಯಾಮ್‌ನಲ್ಲಿರುವ ಪುಟಗಳೆಲ್ಲವೂ ಸ್ವಾಪ್‌ಗೆ ಹೋಗುವುದಿಲ್ಲ. ಕ್ರಮವಿಧಿಯ ಸಂಕೇತ, ತೆರೆದು ಓದುತ್ತಿರುವ ಕಡತ ಮುಂತಾದವುಗಳ ಮೂಲಪ್ರತಿ ಡ್ರೈವ್‌ನಲ್ಲಿ ಈಗಾಗಲೇ ಇದೆ. ಜಾಗ ಬೇಕಾದರೆ ಅವನ್ನು ಸುಮ್ಮನೆ ಕೈಬಿಟ್ಟು, ಬೇಕೆನಿಸಿದಾಗ ಮತ್ತೆ ಓದಿಕೊಂಡರಾಯಿತು. ಓದಿನಿಂದ ಸವೆತವಿಲ್ಲ. ಆದರೆ ಕ್ರಮವಿಧಿಯು ಓಡುತ್ತಿರುವಾಗ ತಾನೇ ಸೃಷ್ಟಿಸಿಕೊಂಡ ದತ್ತಾಂಶಕ್ಕೆ ಬೇರೆ ಪ್ರತಿಯಿಲ್ಲ. ಅದನ್ನು ರ‍್ಯಾಮ್‌ನಿಂದ ತೆಗೆಯಬೇಕಾದರೆ ಬರೆಯಲೇಬೇಕು. ಬ್ರೌಸರ್‌ನಲ್ಲಿ ತೆರೆದಿಟ್ಟ ಹತ್ತಾರು ಟ್ಯಾಬ್‌ಗಳು, ಚಿತ್ರ ಸಂಪಾದನೆ, ವಿಡಿಯೊ ಸಭೆಗಳು ಹೆಚ್ಚಾಗಿ ಹುಟ್ಟಿಸುವುದು ಈ ಎರಡನೆಯ ಬಗೆಯ ಪುಟಗಳನ್ನು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಸ್ವಾಪ್‌ನಲ್ಲಿ 4 ಗಿಗಾಬೈಟ್ ಬಳಕೆಯಾಗಿದೆ ಎಂದು ಪರದೆ ತೋರಿಸಿದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ. ಬೆಳಿಗ್ಗೆ ಒಮ್ಮೆ ಬರೆದು ಸಂಜೆಯವರೆಗೆ ಅಲ್ಲೇ ಮಲಗಿರುವ 4 ಗಿಗಾಬೈಟ್‌ನಿಂದಾದ ಸವೆತ 4 ಗಿಗಾಬೈಟ್‌ನಷ್ಟೇ. ಅದೇ 1 ಗಿಗಾಬೈಟ್ ದಿನಕ್ಕೆ ನೂರು ಬಾರಿ ಬದಲಾಗುತ್ತ ಒಳಗೂ ಹೊರಗೂ ಓಡಾಡಿದರೆ 100 ಗಿಗಾಬೈಟ್ ಬರವಣಿಗೆಯಾಗುತ್ತದೆ. ಗಮನಿಸಬೇಕಾದದ್ದು ತೊಟ್ಟಿಯಲ್ಲಿ ನಿಂತ ನೀರನ್ನಲ್ಲ, ಕೊಳಾಯಿಯಲ್ಲಿ ಹರಿದ ನೀರನ್ನು.

ತಯಾರಕರು ಡ್ರೈವ್‌ನ ತಾಳಿಕೆಯನ್ನು ಒಟ್ಟು ಬರೆಯಬಹುದಾದ ಟೆರಾಬೈಟ್‌ಗಳಲ್ಲಿ ಸೂಚಿಸುತ್ತಾರೆ. ಸ್ಯಾಮ್‌ಸಂಗ್ 970 ಇವೊ ಮಾದರಿಯ 250 ಗಿಗಾಬೈಟ್ ಡ್ರೈವ್‌ಗೆ ಇದು 150 ಟೆರಾಬೈಟ್. 1 ಟೆರಾಬೈಟ್ ಡ್ರೈವ್‌ಗೆ 600. ದಿನಕ್ಕೆ 20 ಗಿಗಾಬೈಟ್ ಬರೆದರೆ ವರ್ಷಕ್ಕೆ 7.3 ಟೆರಾಬೈಟ್, ಚಿಕ್ಕ ಡ್ರೈವ್ ಕೂಡ ಇಪ್ಪತ್ತು ವರ್ಷ ಬಾಳುತ್ತದೆ. ದಿನಕ್ಕೆ 200 ಗಿಗಾಬೈಟ್ ಆದರೆ ಎರಡೇ ವರ್ಷ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ನಲ್ಲಿ ಕಿರಿದಾದ ರ‍್ಯಾಮ್ ಮತ್ತು ಕಿರಿದಾದ ಡ್ರೈವ್ ಜೊತೆಜೊತೆಯಾಗಿ ಬರುತ್ತವೆ. ಎಂದರೆ ಹೆಚ್ಚು ಬರೆಯುವ ಯಂತ್ರಕ್ಕೇ ಕಡಿಮೆ ತಾಳಿಕೆಯ ಡ್ರೈವ್ ದೊರೆಯುತ್ತದೆ. ಸಮಸ್ಯೆಯ ತಿರುಳು ಇಲ್ಲಿದೆಯೆಂದು ನನ್ನ ಅಭಿಪ್ರಾಯ.

ಹಾಗೆಂದು ಈ ಅಂಕಿಯನ್ನು ಮರಣಗಡುವೆಂದು ಭಾವಿಸಬೇಕಾಗಿಲ್ಲ. ಜೆಡೆಕ್ ಮಾನಕ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ನಿಯಮದಂತೆ, ಸಾಮಾನ್ಯ ಬಳಕೆಯ ಡ್ರೈವ್ ಅಷ್ಟೂ ಬರೆದಾದ ಮೇಲೆಯೂ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ದತ್ತಾಂಶವನ್ನು ಉಳಿಸಿಕೊಳ್ಳಬೇಕು. ದಿ ಟೆಕ್ ರಿಪೋರ್ಟ್ ಪತ್ರಿಕೆಯು 2013ರಿಂದ 2015ರವರೆಗೆ ನಡೆಸಿದ ಪರೀಕ್ಷೆಯಲ್ಲಿ ಆರು ಡ್ರೈವ್‌ಗಳೂ 700 ಟೆರಾಬೈಟ್ ದಾಟಿದವು. ಒಂದು 2,400 ಟೆರಾಬೈಟ್‌ವರೆಗೂ ಬದುಕಿತು.

ಈ ವಿಷಯ ಸಾಮಾನ್ಯ ಬಳಕೆದಾರರ ಚರ್ಚೆಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ಅದಕ್ಕೆ ಮೂರು ತಿಂಗಳ ಮೊದಲು ಮಾರುಕಟ್ಟೆಗೆ ಬಂದಿದ್ದ ಆಪಲ್‌ನ ಎಂ1 ಲ್ಯಾಪ್‌ಟಾಪ್‌ಗಳಲ್ಲಿ ಅಸಾಮಾನ್ಯ ಪ್ರಮಾಣದ ಬರವಣಿಗೆ ದಾಖಲಾಗಿರುವುದನ್ನು ಕೆಲವರು ಗುರುತಿಸಿದರು. ಮಾಪನವೇ ಸರಿಯಿಲ್ಲವೆಂಬ ವಾದವೂ ಕೇಳಿಬಂತು. ಆ ವರ್ಷದ ಮೇ ತಿಂಗಳ ಮ್ಯಾಕ್‌ಓಎಸ್ ಪರಿಷ್ಕರಣದ ಅನಂತರ ಪ್ರಮಾಣ ತಗ್ಗಿತೆಂದು ಬಳಕೆದಾರರು ವರದಿಮಾಡಿದರು. ಆಗ ಭಯಪಟ್ಟಂತೆ ಆ ಯಂತ್ರಗಳು ಸಾಲುಸಾಲಾಗಿ ಕೆಟ್ಟುಹೋಗಲಿಲ್ಲ. ಆದರೂ ಆ ಆತಂಕ ನಿರಾಧಾರವಾಗಿರಲಿಲ್ಲ. ಅವುಗಳಲ್ಲಿ ಫ್ಲ್ಯಾಶ್ ಚಿಪ್‌ಗಳನ್ನು ಮುಖ್ಯ ಫಲಕಕ್ಕೇ ಬೆಸೆಯಲಾಗಿದೆ. ಒಳಗಿನ ಸಂಗ್ರಹ ಕೆಟ್ಟರೆ ಹೊರಗಿನ ಡ್ರೈವ್‌ನಿಂದಲೂ ಯಂತ್ರ ಆರಂಭವಾಗದು. ಗೂಢಲಿಪೀಕರಣದ ಕೀಲಿ ಸಂಸ್ಕಾರಕದೊಳಗೆ ಅಡಗಿರುವುದರಿಂದ ಚಿಪ್‌ಗಳನ್ನು ಕಿತ್ತು ಬೇರೆಡೆ ಓದುವುದೂ ಸಾಧ್ಯವಿಲ್ಲ.

ಪರಿಹಾರಗಳಲ್ಲಿ ಮೊದಲನೆಯದು ಹೆಚ್ಚಿನ ರ‍್ಯಾಮ್, ಉಳಿದವೆಲ್ಲ ಉಪಶಮನಗಳು. ಪುಟಗಳನ್ನು ಡ್ರೈವ್‌ಗೆ ಕಳುಹಿಸುವ ಮೊದಲು ರ‍್ಯಾಮ್‌ನಲ್ಲಿಯೇ ಸಂಕುಚಿಸಿಡುವ ಕ್ರಮ ಮ್ಯಾಕ್‌ಓಎಸ್‌ಗೆ 2013ರಲ್ಲಿ, ವಿಂಡೋಸ್‌ಗೆ 2015ರಲ್ಲಿ ಬಂತು. ಲಿನಕ್ಸ್‌ನ ಜೆಡ್‌ರ‍್ಯಾಮ್ 2014ರಲ್ಲಿ ಅದರ ಮುಖ್ಯ ಕರ್ನೆಲ್ ಸೇರಿತು. ಡ್ರೈವ್‌ನ ಕೊಂಚ ಭಾಗವನ್ನು ಖಾಲಿ ಬಿಡುವುದೂ ಪ್ರಯೋಜನಕಾರಿ. ಸ್ವಾಪನ್ನು ಪೂರ್ತಿಯಾಗಿ ನಿಲ್ಲಿಸಿಬಿಡಿ ಎಂಬ ಸಲಹೆಯನ್ನು ಮಾತ್ರ ಒಪ್ಪಲಾಗದು. ರ‍್ಯಾಮ್ ತುಂಬಿದ ಕ್ಷಣದಲ್ಲಿ ವ್ಯವಸ್ಥೆಯು ಯಾವುದೋ ಕ್ರಮವಿಧಿಯನ್ನು ಬಲವಂತವಾಗಿ ಕೊನೆಗಾಣಿಸುತ್ತದೆ, ಉಳಿಸದೆ ಬಿಟ್ಟ ಕೆಲಸವೂ ಅದರೊಡನೆ ಹೋಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವ ವಿದ್ಯಾರ್ಥಿಗೆ ಇದರ ಲೆಕ್ಕ ನೇರವಾಗಿ ಸಂಬಂಧಿಸಿದ್ದು. ಹೊರಮೈ ಹೊಳೆಯುತ್ತಿದ್ದರೂ ಡ್ರೈವ್ ತನ್ನ ಚರಿತ್ರೆಯನ್ನು ತಾನೇ ಬರೆದಿಟ್ಟಿರುತ್ತದೆ. ಎನ್‌ವಿಎಂಇ ಬಗೆಯ ಡ್ರೈವ್‌ನಲ್ಲಿ ಬರೆದ ದತ್ತಾಂಶದ ಒಂದು ಘಟಕವೆಂದರೆ 5,12,000 ಬೈಟ್. ದಾಖಲೆ 8 ಕೋಟಿ ಘಟಕಗಳನ್ನು ತೋರಿಸಿದರೆ ಬರೆದದ್ದು ಸುಮಾರು 41 ಟೆರಾಬೈಟ್. ಓಡಿದ ಅವಧಿ 2,000 ಗಂಟೆಯಾದರೆ ಗಂಟೆಗೆ 20 ಗಿಗಾಬೈಟ್‌ಗೂ ಮಿಗಿಲು. ತಾಳಿಕೆ 150 ಟೆರಾಬೈಟ್ ಎಂದಿಟ್ಟುಕೊಂಡರೆ ಉಳಿದದ್ದು ಸುಮಾರು 5,300 ಗಂಟೆ. ದಿನಕ್ಕೆ ಎಂಟು ಗಂಟೆಯ ಬಳಕೆಯಲ್ಲಿ ಎರಡು ವರ್ಷಕ್ಕೂ ಕಡಿಮೆ. ಬಳಕೆಯಾದ ಆಯುಷ್ಯದ ಶೇಕಡಾವಾರು ಅಂಕಿಯೂ ಅದೇ ದಾಖಲೆಯಲ್ಲಿರುತ್ತದೆ. ಅದು ನೂರಕ್ಕೆ ನಿಲ್ಲುವುದಿಲ್ಲ. ಡ್ರೈವ್ ಇನ್ನೂ ಕೆಲಸ ಮಾಡುತ್ತಿದ್ದರೆ 255ರವರೆಗೂ ಏರಬಲ್ಲದು.