ತಿರುಗದ ಮೋಟಾರಿನ ಹಸಿವು

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ ಬಂದಿತೆಂದರೆ ಗಾಳಿಗೂ ಬಣ್ಣ ಬಂದಂತಿರುವುದು. ಇಲ್ಲಿಯ ಕಾಯಿ ಖಾರಕ್ಕಿಂತ ಕೆಂಪಿಗೆ ಹೆಸರಾದುದು. ಆದರೂ ಸೀನು ಬರಿಸುವುದರಲ್ಲಿ ಅದೇನೂ ಹಿಂದೆ ಬಿದ್ದಿಲ್ಲ. ತೊಟ್ಟು ಬಿಡಿಸುವ ಅಂಗಳದ ಬದಿಯಲ್ಲಿ ನಿಲ್ಲುತ್ತಿದ್ದ ನಮ್ಮ ಮಿತ್ರರ ಹಳೆಯ ಕಾರಿನಲ್ಲಿ, ಒಳಗೆ ಗಾಳಿಯೂದುವ ಪಂಖವು ಒಂದು ದಿನ ಸುಮ್ಮನಾಯಿತು. ಫ್ಯೂಸ್ ಸುಟ್ಟಿತ್ತು. ಹೊಸದನ್ನು ಹಾಕಿದರು, ಅದೂ ಸುಟ್ಟಿತು. ಆ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದರಾಯಿತೆಂದು ಯಾರೋ ಸಲಹೆಯಿತ್ತರು. ನಾವು ಬೇಡವೆಂದೆವು. ಫ್ಯೂಸ್ ಸುಡುವುದು ಉಳಿದ ತಂತಿಗಳನ್ನು ಕಾಯುವುದಕ್ಕಾಗಿ. ಅದನ್ನು ತೆಗೆದರೆ, ಕಣ್ಣಿಗೆ ಕಾಣದ ಕಡೆ ಹಾದುಹೋಗಿರುವ ಆ ತಂತಿಗಳೇ ಸುಡಬೇಕಾಗುವುದು. ಕಾರಿಗೆ ಬೆಂಕಿ ಬೀಳುವುದು ಹೀಗೆಯೇ.

ಮೋಟಾರಿನ ಜೋಡಣೆಯನ್ನು ಬಿಡಿಸಿ, ಅದಕ್ಕೆ ಬರುವ ಎರಡು ತಂತಿಗಳ ನಡುವೆ 12 ವೋಲ್ಟಿನ ಚಿಕ್ಕ ದೀಪವೊಂದನ್ನು ಹಿಡಿದೆವು. ಹೊಸ ಫ್ಯೂಸ್ ಸುಡಲಿಲ್ಲ, ದೀಪವು ಚೆನ್ನಾಗಿ ಹೊತ್ತಿತು. ಅಲ್ಲಿಗೆ ಬ್ಯಾಟರಿ, ಸ್ವಿಚ್ಚು, ಭೂಸಂಪರ್ಕ ಯಾವುದರಲ್ಲಿಯೂ ದೋಷವಿಲ್ಲವೆಂದಾಯಿತು. (ಪಂಖವು ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ತಿರುಗುತ್ತಿದ್ದರೆ ಮೋಟಾರನ್ನು ಶಂಕಿಸದೆ ವೇಗ ತಗ್ಗಿಸುವ ರೋಧಕವನ್ನು ನೋಡಬೇಕು.)

ಮೋಟಾರನ್ನು ಹೊರತೆಗೆದು ಪಂಖದ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಅದು ಅಲುಗಲೊಲ್ಲದು! ಚಕ್ರದ ಸುತ್ತ ಮೆಣಸಿನಕಾಯಿಯ ತೊಟ್ಟು, ಬೀಜ, ಕೆಂಪು ಧೂಳು ಗಟ್ಟಿಯಾಗಿ ಕುಳಿತಿದ್ದವು. ಮುಂದಿನ ಗಾಜಿನ ಬುಡದ ಜಾಲರಿಯಿಂದ ಒಳಬಂದ ಗಾಳಿಯನ್ನು ಸೋಸುವ ಏರ್ಪಾಡು ಆ ಕಾರಿನಲ್ಲಿರಲಿಲ್ಲ.

ಎಲ್ಲವನ್ನೂ ಶುಚಿಗೊಳಿಸಿ, ಮೋಟಾರನ್ನು ಭದ್ರವಾಗಿ ಹಿಡಿದು, ಫ್ಯೂಸ್ ಮತ್ತು ಆಮ್ಮೀಟರಿನ ಮೂಲಕ ಬ್ಯಾಟರಿಗೆ ಜೋಡಿಸಿದೆವು. ಮುಳ್ಳು ಥಟ್ಟನೆ ಮೇಲಕ್ಕೆ ಹಾರಿ, ಚಕ್ರವು ವೇಗ ಹಿಡಿದಂತೆ ಕೆಳಗಿಳಿದು, 8 ಆಂಪಿಯರಿನ ಬಳಿ ನಿಂತಿತು.

ಕೆಲಸ ಮಾಡದಿದ್ದಾಗ ಹೆಚ್ಚು, ಮಾಡುವಾಗ ಕಡಿಮೆ ವಿದ್ಯುತ್ತೇ? ಹೌದು. ಕಾಂತಕ್ಷೇತ್ರದಲ್ಲಿ ತಿರುಗುವ ಸುರುಳಿಯು ಮೋಟಾರಾಗಿದ್ದಂತೆಯೇ ಡೈನಮೋ ಕೂಡ ಆಗಿರುವುದು. ಅದು ಹುಟ್ಟಿಸುವ ವೋಲ್ಟೇಜು ಬ್ಯಾಟರಿಗೆ ಎದುರಾಗಿ ನಿಲ್ಲುವುದು. ಮೋಟಾರಿನ ರೋಧವು ಅರ್ಧ ಓಮ್ ಎಂದಿಟ್ಟುಕೊಳ್ಳೋಣ. 8 ಆಂಪಿಯರು ಹರಿಸಲು 4 ವೋಲ್ಟು ಸಾಕು. ಉಳಿದ 8 ವೋಲ್ಟುಗಳನ್ನು ತಿರುಗಾಟವೇ ತಡೆದಿರುತ್ತದೆ. ಚಕ್ರವು ಸಿಕ್ಕಿಕೊಂಡರೆ ಈ ತಡೆಯೇ ಇಲ್ಲ. 12 ವೋಲ್ಟೂ ಅರ್ಧ ಓಮಿನ ಮೇಲೆ ಬಿದ್ದು 24 ಆಂಪಿಯರು ನುಗ್ಗುವುದು. ಅದು 20 ಆಂಪಿಯರಿನ ಫ್ಯೂಸಿನ ಮಿತಿಯನ್ನು ಮೀರಿದುದು.

ಸಂಜೆ ಮೋಟಾರನ್ನು ಮರಳಿ ಕೂರಿಸಿ ಸ್ವಿಚ್ಚು ಒತ್ತಿದೆವು. ಗಾಳಿಯ ಕೊಳವೆಗಳನ್ನು ಶುಚಿಗೊಳಿಸಲು ಮರೆತಿದ್ದೆವು. ಕಾರಿನಲ್ಲಿದ್ದ ನಾಲ್ವರೂ ರಾಣೆಬೆನ್ನೂರಿನ ಹಾದಿಯುದ್ದಕ್ಕೂ ಸೀನಿದೆವು.